17ನೇ ಕ್ಷೇತ್ರ: ಜನಗಣತಿಗೆ ನಾವು ಬೇಕು, ವೋಟರ್ ಲಿಸ್ಟಲ್ಲಿ ನಾವಿಲ್ಲ. ಹಾಗಾದ್ರೆ ಈ ಸೀಟು ಯಾರದ್ದು?

ಸನ್ನಿವೇಲ್‌ವಾಸಿ

ಬಹಳ ದಿನದಿಂದ ಕೊರೀತಿರೋ ಪ್ರಶ್ನೆ. ತಿಳಿದವರು ಇದ್ದೀರಿ ಅಂತ ಇಲ್ಲಿ ಹಾಕ್ತಿದೀನಿ.

ಕ್ಯಾಲಿಫೋರ್ನಿಯಾದ 17ನೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರ ಅಂದ್ರೆ ಸನ್ನಿವೇಲ್, ಕ್ಯುಪರ್ಟಿನೋ, ಸಾಂಟಾ ಕ್ಲಾರಾ, ಮಿಲ್ಪಿಟಸ್, ನ್ಯೂಆರ್ಕ್, ಫ್ರೀಮಾಂಟ್, ಜೊತೆಗೆ ಸ್ಯಾನ್ ಹೋಸೆಯ ಉತ್ತರ ಭಾಗ. ಇಲ್ಲಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಏಷ್ಯಾ ಮೂಲದವರು. 2011ರಲ್ಲಿ ಗೆರೆ ಎಳೆದಾಗ ಹವಾಯಿ ಬಿಟ್ರೆ ದೇಶದಲ್ಲಿ ಇಂಥ ಕ್ಷೇತ್ರ ಇದೊಂದೇ ಅಂತ ದೊಡ್ಡ ಸುದ್ದಿಯಾಗಿತ್ತು. 2017ರಿಂದ ನಮ್ಮ ಪ್ರತಿನಿಧಿ ರೋ ಖನ್ನಾ, ಭಾರತೀಯ ಮೂಲದವರು. ಲಾರೆನ್ಸ್ ಎಕ್ಸ್‌ಪ್ರೆಸ್‌ವೇ ಸುತ್ತ ಯಾವ ಅಂಗಡಿಗೆ ಹೋದ್ರೂ ಕನ್ನಡ, ತೆಲುಗು, ತಮಿಳು ಕಿವಿಗೆ ಬೀಳುತ್ತೆ.

ಇಷ್ಟೆಲ್ಲ ಇದ್ದೂ ಗ್ರೀನ್ ಕಾರ್ಡ್ (ಇಲ್ಲಿ ಕಾಯಂ ಆಗಿ ಇರೋ ಪರವಾನಗಿ) ಕ್ಯೂ ನಿಂತಲ್ಲೇ ನಿಂತಿದೆ. ನಮ್ಮ ಪ್ರಯಾರಿಟಿ ಡೇಟ್, ಅಂದ್ರೆ ಕ್ಯೂನಲ್ಲಿ ನಮ್ಮ ಜಾಗ ಲೆಕ್ಕ ಹಾಕೋ ದಿನಾಂಕ, 2015ರದ್ದು. ಎಚ್-1ಬಿ ಕೆಲಸದ ವೀಸಾ ರಿನ್ಯೂ ಮಾಡಿಸ್ಕೊಂಡೇ ವಯಸ್ಸಾಗ್ತಿದೆ. ಇಷ್ಟು ಜನ ನಮ್ಮವರೇ ಇರೋ ಕ್ಷೇತ್ರದಲ್ಲಿ ಇದು ಮೊದಲನೇ ವಿಷಯ ಯಾಕೆ ಆಗಲ್ಲ?

ನೀಲಿಪೆನ್ನು

ಒಂದು ಸಣ್ಣ ತಿದ್ದುಪಡಿ: ಫ್ರೀಮಾಂಟ್ ಪೂರ್ತಿ 17ರಲ್ಲಿಲ್ಲ. 2021ರಲ್ಲಿ ಎಳೆದ ಗೆರೆ ಪ್ರಕಾರ ಒಂದು ಭಾಗ 14ಕ್ಕೆ ಹೋಗಿದೆ. ಅದಾದ್ಮೇಲೆ 2025ರ ನವೆಂಬರ್‌ನಲ್ಲಿ ಪ್ರಾಪ್ 50 ಅಂತ ಜನರ ವೋಟಿಗೆ ಹಾಕಿದ ಪ್ರಸ್ತಾವನೆ ಬೇರೆ ಪಾಸಾಯ್ತು, ಕ್ಷೇತ್ರ ವಿಂಗಡಿಸೋ ಸಮಿತಿಯ ನಕ್ಷೆ ಬದಲು ಶಾಸಕಾಂಗದ ನಕ್ಷೆ ಬಂತು. ನಿಮ್ಮ ವಿಳಾಸ ಎಲ್ಲಿ ಬರುತ್ತೆ ಅಂತ ಒಮ್ಮೆ ನೋಡ್ಕೊಳ್ಳಿ.

ಹಳೇಬೇರು

ಉತ್ತರ ಸುಲಭ ಇದೆ, ಆದರೆ ಕಹಿ. ಎಚ್-1ಬಿಯವರಿಗೆ ವೋಟಿಲ್ಲ. ಗ್ರೀನ್ ಕಾರ್ಡಿನವರಿಗೂ ಇಲ್ಲ. ಗ್ರೀನ್ ಕಾರ್ಡ್ ಸಿಕ್ಕಿ ಸಾಮಾನ್ಯವಾಗಿ ಐದು ವರ್ಷ ಕಳೆದು, ನಾಗರಿಕರಾಗಿ, ರಿಜಿಸ್ಟರ್ ಮಾಡಿಸಿದವರಿಗೆ ಮಾತ್ರ. ಪ್ರತಿನಿಧಿ ಯಾರ ಮಾತು ಮೊದಲು ಕೇಳ್ತಾರೆ ಅಂತ ನೀವೇ ಯೋಚನೆ ಮಾಡಿ.

ಸನ್ನಿವೇಲ್‌ವಾಸಿ

ಅದು ಗೊತ್ತು ಸರ್. ಆದರೆ ಸೆನ್ಸಸ್‌ನವರು ಬಂದಾಗ ನಮ್ಮನ್ನ ಎಣಿಸ್ತಾರಲ್ಲ? ಆ ಲೆಕ್ಕದ ಮೇಲೇ ತಾನೆ ಕ್ಷೇತ್ರ ಮಾಡೋದು?

ಹಳೇಬೇರು

ಹೌದು, ಎಣಿಸ್ತಾರೆ. ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯಲ್ಲಿ ನಾಗರಿಕರು ಅಂತಿಲ್ಲ, ಎಲ್ಲ ವ್ಯಕ್ತಿಗಳು ಅಂತಿದೆ. 2020ರ ಗಣತಿ ನಂತರ ಕ್ಯಾಲಿಫೋರ್ನಿಯಾಕ್ಕೆ 52 ಸೀಟು, ಒಂದೊಂದರಲ್ಲಿ ಸುಮಾರು 7.6 ಲಕ್ಷ ಜನ. ಆ ಲೆಕ್ಕದಲ್ಲಿ ನೀವು, ನಿಮ್ಮ ಮನೆಯವರು, ನಿಮ್ಮ ತೊಟ್ಟಿಲ ಕೂಸು ಎಲ್ಲರೂ ಸೇರಿದ್ದೀರಿ. ವೋಟು ಹಾಕಬಲ್ಲವರನ್ನ ಮಾತ್ರ ಲೆಕ್ಕಕ್ಕೆ ತಗೋಬೇಕು ಅಂತ ಟೆಕ್ಸಾಸಿನಿಂದ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು, ಎವೆನ್ವೆಲ್ ಕೇಸು. ಎಲ್ಲ ಜನರನ್ನೂ ಲೆಕ್ಕ ಹಿಡಿದು ಕ್ಷೇತ್ರ ಮಾಡಿದ್ರಲ್ಲಿ ತಪ್ಪಿಲ್ಲ ಅಂತ 2016ರಲ್ಲಿ ತೀರ್ಪಾಯ್ತು, ನ್ಯಾಯಮೂರ್ತಿಗಳು ಒಬ್ಬರೂ ಆ ತೀರ್ಪಿಗೆ ವಿರುದ್ಧ ಹೋಗಲಿಲ್ಲ. 2020ರ ಗಣತಿಯಲ್ಲಿ ಪೌರತ್ವದ ಪ್ರಶ್ನೆ ಸೇರಿಸೋಕೆ ಹೊರಟಿದ್ರಲ್ಲ, ಅದನ್ನೂ 2019ರಲ್ಲಿ ಕೋರ್ಟು ತಡೀತು. ಆ ಪ್ರಶ್ನೆ ಇದ್ದಿದ್ರೆ ಹೆದರಿ ಫಾರಂ ತುಂಬದೇ ಇರೋರು ನಮ್ಮ ಕಡೆಯವರೂ ಇರ್ತಿದ್ರು.

ಹಾಗಾಗಿ ಈ ಸೀಟಿನ ತೂಕದಲ್ಲಿ ನಿಮ್ಮ ಪಾಲಿದೆ, ಆಯ್ಕೆಯಲ್ಲಿ ಇಲ್ಲ. ನನಗೂ ಇದು ಅನ್ಯಾಯ ಅನ್ಸುತ್ತೆ. ಬಾಡಿಗೆ, ಟ್ಯಾಕ್ಸು, ಸೋಷಿಯಲ್ ಸೆಕ್ಯುರಿಟಿ ಎಲ್ಲ ಕಟ್ಟಿ ಒಂದು ತಲೆಮಾರು ಕಳೆದುಹೋಗುತ್ತೆ.

ಧಾರವಾಡಪೇಡೆ

ಅಣ್ಣಾರ, ನಿಮ್ಮ ಮೊದಲಿನ ಪ್ರಶ್ನೆದಾಗ 'ನಮ್ಮವರು' ಅಂದೀರಲ್ಲ, ಅಲ್ಲೇ ತೊಡಕು ಐತಿ. ಏಷ್ಯನ್ ಅಂತ ಎಲ್ಲಾರನ್ನೂ ಒಂದ ಖಾನೇಕ ಹಾಕ್ಯಾರ, ಖರೇ ನೋಡಿದ್ರ ಒಳಗ ಇರೋರು ಬ್ಯಾರೆ ಬ್ಯಾರೆ. ಕ್ಯುಪರ್ಟಿನೋದಾಗ ಚೀನಾ, ತೈವಾನದವರು. ಮಿಲ್ಪಿಟಸ್‌ದಾಗ ವಿಯೆಟ್ನಾಮಿನವರು, ಫಿಲಿಪಿನೋಗಳು. ಸಾಂಟಾ ಕ್ಲಾರಾದ ಎಲ್ ಕಮೀನೋ ರಸ್ತೆಕ್ಕ ಕೊರಿಯಾದವರ ಅಂಗಡಿ ಸಾಲು. ಫ್ರೀಮಾಂಟಿನ ಸೆಂಟರ್‌ವಿಲ್ ಕಡೆ ಅಫ್ಘಾನರು, ಅದಕ್ಕ 'ಲಿಟಲ್ ಕಾಬೂಲ್' ಅಂತಾರ. ನ್ಯೂಆರ್ಕ್‌ದಾಗ ಮೆಕ್ಸಿಕೋ ಮೂಲದ ಮನೆತನ ಭಾಳ.

ಫಿಲಿಪಿನೋ ಮನಿಯೊಳಗ ಹೋಗಿ ಕೇಳ್ರಿ. ಅಣ್ಣ ತಮ್ಮ, ಅಕ್ಕ ತಂಗಿಗೆ ಹಾಕಿದ ಅರ್ಜಿ ಇಪ್ಪತ್ತು ವರ್ಷ ಆದ್ರೂ ಬಂದಿರಂಗಿಲ್ಲ. ಅವರಿಗೂ ಕ್ಯೂನ ಮೊದಲನೇ ವಿಷಯ, ಆದ್ರ ಅವರ ಕ್ಯೂ ಬ್ಯಾರೆ. ಅಫ್ಘಾನರಿಗೆ 2021ರಾಗ ಕಾಬೂಲ್ ಬಿದ್ದ ಮ್ಯಾಲೆ ಅಲ್ಲೇ ಉಳದ ಮಂದೀನ ಕರಕೊಂಡು ಬರೋದ ಚಿಂತಿ. ಒಬ್ಬ ಪ್ರತಿನಿಧಿ, ಇಷ್ಟು ಮಂದಿ ಕೂಗು.

ಮಿಲ್ಪಿಟಸ್_ಮೈಸೂರು

ಪೇಡೆಯವರ ಮಾತು ನೂರಕ್ಕೆ ನೂರು ನಿಜ. ಮಿಲ್ಪಿಟಸ್‌ನಲ್ಲಿ ಮನೆ ತಗೊಂಡವರನ್ನ ಕೇಳಿ ನೋಡಿ, ಎಷ್ಟೋ ಜನ ವೀಸಾಕ್ಕಿಂತ ಮೊದಲು ನ್ಯೂಬಿ ಐಲ್ಯಾಂಡ್ ಕಸದ ಗುಡ್ಡದ ಕಡೆಯಿಂದ ಬರೋ ವಾಸನೆ ಬಗ್ಗೆ ಮಾತಾಡ್ತಾರೆ. ಸಂಜೆ ಗಾಳಿ ತಿರುಗಿದ್ರೆ ಕಿಟಕಿ ಮುಚ್ಚಲೇಬೇಕು. ನಮ್ಮತ್ತೆ ಊರಿಂದ ಬಂದಾಗ ಅಡುಗೆಮನೆ ಗ್ಯಾಸ್ ಸೋರ್ತಿದೆ ಅಂತ ಸ್ಟೌ ತಿರುವಿ ತಿರುವಿ ನೋಡ್ತಿದ್ರು, ಆಮೇಲೆ ಹಿತ್ತಲ ಬಾಗಿಲು ತೆಗೆದಾಗ ಗೊತ್ತಾಯ್ತು.

ಕಾಫಿತೋಟ

ವಾಸನೆ ವಿಷಯ ಕಾಂಗ್ರೆಸ್‌ನವರ ಕೈಲಿಲ್ಲ. ಅದು ಬೇ ಏರಿಯಾ ಗಾಳಿ ಗುಣಮಟ್ಟದ ಜಿಲ್ಲಾ ಮಂಡಳಿಯದ್ದು.

ಮಿಲ್ಪಿಟಸ್_ಮೈಸೂರು

ಗೊತ್ತು ಸರ್. ಜನಕ್ಕೆ ಏನು ಮುಖ್ಯ ಅಂತ ಹೇಳಿದೆ ಅಷ್ಟೇ. ವೋಟು ಕೇಳೋಕೆ ಬಂದವರ ಹತ್ರ ಜನ ಮಂಡಳಿ ಯಾವುದು ಅಂತ ವಿಂಗಡಿಸಿ ಮಾತಾಡಲ್ಲ, ಕಷ್ಟ ಹೇಳ್ಕೋತಾರೆ.

ಕುಂದಾಪ್ರದವ್ಳು

ಮಾರಾಯ್ರೆ, ಎಲ್ಲರೂ ಒಂದು ಸಂಗತಿ ಬಿಟ್ರಿ. ಕಾಂಗ್ರೆಸ್‌ನಲ್ಲಿ ಯಾರೂ ಏನೂ ಮಾಡ್ಲಿಲ್ಲ ಅಂತ ಅಲ್ಲ. ಎಚ್.ಆರ್. 1044 ನೆನಪಿದ್ಯಾ? ತಂದದ್ದು ಪಕ್ಕದ ಸ್ಯಾನ್ ಹೋಸೆ ಕ್ಷೇತ್ರದ ಜೋ ಲಾಫ್‌ಗ್ರೆನ್. ಉದ್ಯೋಗದ ಗ್ರೀನ್ ಕಾರ್ಡಿಗೆ ಒಂದೊಂದು ದೇಶದವರಿಗೆ ಒಟ್ಟಿನ 7 ಶೇಕಡಾ ಅನ್ನೋ ಮಿತಿ ತೆಗೆಯುವುದು, ಕುಟುಂಬದ ಕ್ಯೂನಲ್ಲಿ ಅದನ್ನ 15ಕ್ಕೆ ಏರಿಸುವುದು. 2019ರ ಜುಲೈನಲ್ಲಿ ಕೆಳಮನೆಯಲ್ಲಿ 365ಕ್ಕೆ 65ರಲ್ಲಿ ಪಾಸಾಯ್ತು, ಎರಡೂ ಪಕ್ಷದವರು ಸೇರಿ. ಸೆನೆಟ್ 2020ರ ಡಿಸೆಂಬರ್‌ನಲ್ಲಿ ಪಾಸು ಮಾಡಿದ್ದು ಬೇರೆ ರೂಪದ ಮಸೂದೆ. ಎರಡನ್ನೂ ಹೊಂದಿಸುವ ಮೊದಲೇ ಆ ಕಾಂಗ್ರೆಸ್ಸಿನ ಅವಧಿ ಮುಗಿದು ಎರಡೂ ಬಿದ್ದುಹೋದವು.

ಆವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ರೆ ಇಲ್ಲ. ಅಷ್ಟು ಹತ್ರ ಬಂದು ಹೋಯ್ತು.

ನೀಲಿಪೆನ್ನು

ಅದಕ್ಕೆ ವಿರೋಧ ಮಾಡಿದವರಲ್ಲಿ ವಲಸಿಗರೂ ಇದ್ರು ಅನ್ನೋದನ್ನೂ ಹೇಳಬೇಕು. ಒಟ್ಟು ಕಾರ್ಡು ವರ್ಷಕ್ಕೆ ಸುಮಾರು 1,40,000ವೇ. ಅದನ್ನ ಹೆಚ್ಚಿಸದೆ ದೇಶದ ಮಿತಿ ಮಾತ್ರ ತೆಗೆದ್ರೆ ನಮ್ಮ ಕ್ಯೂ ಚಿಕ್ಕದಾಗುತ್ತೆ, ಇರಾನ್‌ನಂಥ ದೇಶದವರದ್ದು ಉದ್ದ ಆಗುತ್ತೆ. ಅವರು ಗಟ್ಟಿಯಾಗಿ ಎದ್ದು ನಿಂತ್ರು. ಅವರ ಜಾಗದಲ್ಲಿ ನಾವಿದ್ರೂ ಹಾಗೇ ಮಾಡ್ತಿದ್ವಿ. ಮಿತಿ ತೆಗೀರಿ ಅಂತ ಕೇಳೋ ಬದಲು ಒಟ್ಟು ಸಂಖ್ಯೆ ಹೆಚ್ಚಿಸಿ ಅಂತ ಕೇಳಿದ್ರೆ ಈ ಕ್ಷೇತ್ರದ ಎಲ್ಲ ಸಮುದಾಯಗಳೂ ಒಂದೇ ಕಡೆ ನಿಲ್ಲಬಹುದು.

ರಾಗಿಮುದ್ದೆ_408

ಒಟ್ಟು ಸಂಖ್ಯೆ ಹೆಚ್ಚಿಸೋ ಕಾಲನಾ ಇದು? 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂದ್ರು. ರಜಕ್ಕೆ ಊರಿಗೆ ಹೋಗಿದ್ದವರು ಬೆಂಗಳೂರು ಏರ್‌ಪೋರ್ಟಲ್ಲಿ ಟಿಕೆಟ್ ಹುಡುಕ್ತಾ ಕೂತಿದ್ರು. ಹೊಸ ಅರ್ಜಿಗೆ ಮಾತ್ರ, ಈಗಾಗಲೇ ವೀಸಾ ಇದ್ದವರಿಗೆ ಅಲ್ಲ ಅಂತ ಸ್ಪಷ್ಟ ಆಗೋ ಹೊತ್ತಿಗೆ ಎಲ್ಲರಿಗೂ ಸಾಕು ಬೇಕಾಗಿತ್ತು. ಇದ್ದದ್ದನ್ನ ಉಳಿಸ್ಕೊಂಡ್ರೆ ಸಾಕು ಗುರೂ.

ಹತ್ತನೇಮಹಡಿ

ನಾನು ಸಿಟಿಜನ್, ಹತ್ತಾರು ವರ್ಷದಿಂದ ವೋಟು ಹಾಕ್ತಿದೀನಿ, ಅದಕ್ಕೆ ಇನ್ನೊಂದು ಕಡೆಯಿಂದ ಹೇಳ್ತೀನಿ. ನಮ್ಮಂಥ ಮತದಾರರಿಗೆ ಮೊದಲ ವಿಷಯ ಮನೆ. ಪ್ರಾಪ್ 13 ಅಂತ 1978ರ ಕಾನೂನಿದೆ. ಆಸ್ತಿ ತೆರಿಗೆ ಮೂಲ ದರ ಕೊಂಡ ಬೆಲೆಯ 1 ಶೇಕಡಾ, ಆಮೇಲೆ ತೆರಿಗೆಗೆ ಹಿಡಿಯೋ ಬೆಲೆ ವರ್ಷಕ್ಕೆ 2 ಶೇಕಡಾಕ್ಕಿಂತ ಜಾಸ್ತಿ ಏರೋ ಹಾಗಿಲ್ಲ. ನಮ್ಮ ಬೀದಿಯಲ್ಲಿ ಅಕ್ಕಪಕ್ಕ ಎರಡು ಮನೆ, ಒಂದೇ ಅಳತೆ, ಒಂದೇ ಬಿಲ್ಡರ್ ಕಟ್ಟಿದ್ದು. 80ರ ದಶಕದಲ್ಲಿ ಕೊಂಡ ಅಜ್ಜ ಕಟ್ಟೋ ತೆರಿಗೆಗೂ ಮೊನ್ನೆ ಮೊನ್ನೆ ಕೊಂಡ ನಮ್ಮ ಹುಬ್ಬಳ್ಳಿ ದಂಪತಿ ಕಟ್ಟೋದಕ್ಕೂ ಅಜಗಜಾಂತರ. ಅಜ್ಜ ಮನೆ ಮಾರಲ್ಲ, ಹೊಸ ಅಪಾರ್ಟ್‌ಮೆಂಟ್ ಬರೋಕೂ ಬಿಡಲ್ಲ. ಚಿಕ್ಕ ಮಕ್ಕಳಿರೋ ಕುಟುಂಬಗಳು ದೂರದ ಟ್ರೇಸಿ, ಮೌಂಟನ್ ಹೌಸ್ ಊರುಗಳ ಕಡೆ ಹೋಗ್ತಿವೆ. ಕ್ಯುಪರ್ಟಿನೋದಂಥ ಕಡೆ ಮಕ್ಕಳಿಲ್ಲ ಅಂತ 2022ರಲ್ಲಿ ಪ್ರಾಥಮಿಕ ಶಾಲೆಗಳನ್ನೇ ಮುಚ್ಚಿದ್ರು. ಯಾವ ಶಾಲೆಗೋಸ್ಕರ ಜನ ಸಾಲ ಮಾಡಿ ಮನೆ ತಗೊಂಡ್ರೋ ಅದೇ ಊರಲ್ಲಿ!

ಇದರ ಮೇಲೆ ಫೆಡರಲ್ ತೆರಿಗೆ ಲೆಕ್ಕದಲ್ಲಿ ರಾಜ್ಯ, ಸ್ಥಳೀಯ ತೆರಿಗೆಗೆ ಸಿಗೋ ವಿನಾಯಿತಿ. 2017ರಲ್ಲಿ 10,000 ಡಾಲರ್‌ಗೆ ಮಿತಿ ಹಾಕಿದ್ರು, 2025ರಲ್ಲಿ 40,000ಕ್ಕೆ ಏರಿಸಿದ್ರು. ಕಾಂಗ್ರೆಸ್‌ನಲ್ಲಿ ನಡೆಯೋ ವಿಷಯಗಳಲ್ಲಿ ಇಲ್ಲಿನ ಮನೆ ಮಾಲೀಕರ ಜೇಬಿಗೆ ನೇರ ತಟ್ಟಿದ್ದು ಇದು.

ಕಾಫಿತೋಟ

ಮನೆ ಇದ್ದವರ ಕಷ್ಟ ಬಿಡಿ. ಇಲ್ಲದವರದ್ದು? 2025ರ ಫೆಬ್ರವರಿಯಲ್ಲಿ ಫ್ರೀಮಾಂಟ್ ಕೌನ್ಸಿಲ್ ಬಯಲಲ್ಲಿ ಟೆಂಟ್ ಹಾಕಿ ಮಲಗೋದನ್ನ ನಿಷೇಧಿಸ್ತು. ಸಹಾಯ ಮಾಡಿದವರಿಗೂ ಶಿಕ್ಷೆ ಅನ್ನೋ ಹಾಗೆ ಒಂದು ಸಾಲು ಇತ್ತು. ಊಟ ಹಂಚೋ ಸಂಘದವರು, ಚರ್ಚಿನವರು ಗಲಾಟೆ ಮಾಡಿದ ಮೇಲೆ ಆ ಸಾಲು ತೆಗೆದ್ರು. ದೇವಸ್ಥಾನದಲ್ಲಿ ಅನ್ನದಾನಕ್ಕೆ ಹಣ ಕೊಡೋ ನಮ್ಮ ಜನ ಆ ಮೀಟಿಂಗ್‌ಗೆ ಬಂದದ್ದು ಬಹಳ ಕಮ್ಮಿ. ನಂಗೆ ಅದು ಇವತ್ತಿಗೂ ಬೇಜಾರು.

ರಾಗಿಮುದ್ದೆ_408

ಮಕ್ಕಳು ಪಾರ್ಕಲ್ಲಿ ಆಡೋಕೆ ಆಗಲ್ಲ ಅಂದ್ರೆ ತಂದೆತಾಯಿ ಏನು ಮಾಡ್ಬೇಕು ಹೇಳಿ? ಅದನ್ನೂ ಯೋಚನೆ ಮಾಡಿ.

ಕಾಫಿತೋಟ

ಯೋಚನೆ ಮಾಡಿದೀನಿ. ನನ್ನ ಮಕ್ಕಳೂ ಅದೇ ಪಾರ್ಕಲ್ಲಿ ಆಡಿ ಬೆಳೆದವರು. ಮಲಗೋಕೆ ಜಾಗ ತೋರಿಸದೆ ಎಬ್ಬಿಸಿದ್ರೆ ಆ ಜನ ಇನ್ನೊಂದು ಪಾರ್ಕಿಗೆ ಹೋಗ್ತಾರೆ, ಅಷ್ಟೇ.

ಬೆಳದಿಂಗಳು

ಇಲ್ಲಿವರೆಗೆ ಯಾರೂ ಎತ್ತದ ವಿಷಯ ನಾನು ಎತ್ತುತ್ತೇನೆ. ಎಸ್‌ಬಿ 403. ತಾರತಮ್ಯ ತಡೆಯುವ ಕಾನೂನಿನಲ್ಲಿ ಜಾತಿ ಅನ್ನೋ ಪದವನ್ನ ಸ್ಪಷ್ಟವಾಗಿ ಸೇರಿಸುವ ಮಸೂದೆ. ತಂದವರು ರಾಜ್ಯ ಸೆನೆಟರ್ ಆಯಿಶಾ ವಹಾಬ್, ಫ್ರೀಮಾಂಟ್ ಕಡೆಯವರೇ, ಅಫ್ಘಾನ್ ಮೂಲದವರು. ಎರಡೂ ಸದನ ದಾಟಿ 2023ರ ಅಕ್ಟೋಬರ್‌ನಲ್ಲಿ ಗವರ್ನರ್ ನ್ಯೂಸಮ್ ವೀಟೋ ಮಾಡಿದರು, ಈಗಿರುವ ಕಾನೂನೇ ಸಾಕು ಅಂತ. ಆ ದಿನಗಳಲ್ಲಿ ಈ ಊರುಗಳ ಭಾರತೀಯರು ರಾಜಕೀಯಕ್ಕೆ ಎದ್ದು ನಿಂತ ಹಾಗೆ ನಾನು ಮತ್ಯಾವಾಗಲೂ ಕಂಡಿಲ್ಲ. ಬಸ್ಸು ಮಾಡಿಕೊಂಡು ಸ್ಯಾಕ್ರಮೆಂಟೋಗೆ ಹೋದರು, ಪರವೂ ವಿರುದ್ಧವೂ.

ನಾನು ಪರವಾಗಿ ಹೋದವಳು. ನನ್ನ ಮನೆತನದ ಹೆಸರು ಕೇಳಿದ ಕೂಡಲೇ ಊರು ಯಾವುದು, ಊರಲ್ಲಿ ಯಾವ ಕೇರಿ ಅಂತ ಪಾಟ್‌ಲಕ್ ಊಟದ ತಟ್ಟೆ ಕೈಯಲ್ಲಿ ಹಿಡಿದೇ ಕೇಳಿದವರಿದ್ದಾರೆ. ಬಸವಣ್ಣನ ವಚನ ಹಾಡಿ ಐದು ನಿಮಿಷ ಆಗಿತ್ತು. 'ಏಷ್ಯನ್ ಬಹುಸಂಖ್ಯಾತ ಕ್ಷೇತ್ರ' ಅಂತ ಹೆಮ್ಮೆಪಡುವಾಗ ಒಳಗೆ ಯಾರು ಯಾರಿಗೆ ಜಾಗ ಕೊಡುತ್ತಿದ್ದೇವೆ ಅಂತಲೂ ಕೇಳಿಕೊಳ್ಳಬೇಕು.

ರಾಗಿಮುದ್ದೆ_408

ಅಕ್ಕಾ, ನಿಮಗಾದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಸೂದೆ ಬಂದ್ರೆ ಶಾಲೇಲಿ, ಆಫೀಸಲ್ಲಿ ಪ್ರತಿ ಭಾರತೀಯ ಮಗುವನ್ನೂ 'ನಿನ್ನ ಜಾತಿ ಯಾವುದು' ಅಂತ ಕೇಳೋ ಹಾಗಾಗುತ್ತೆ ಅಂತ ಹೆದರಿದವರಲ್ಲಿ ನಾನೂ ಒಬ್ಬ. ಆ ಹೆದರಿಕೆ ಸುಳ್ಳಲ್ಲ.

ಬೆಳದಿಂಗಳು

ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ ತಮ್ಮಾ. ನಮ್ಮನ್ನು ಈಗಾಗಲೇ ಕೇಳುತ್ತಿದ್ದಾರೆ ಅಂತ ಹೇಳುತ್ತಿದ್ದೇನೆ.

ಧಾರವಾಡಪೇಡೆ

ಅಕ್ಕಾರು ಹೇಳಿದ್ದು ನನಗ ಒಪ್ಪಿಗಿ ಐತಿ. ಮತ್ತ ಇನ್ನೊಂದು ಮಾತು. ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕ ಹೋದ ಮಂದಿ ನೋಡ್ರಿ. ವೈಟ್‌ಫೀಲ್ಡ್‌ದಾಗ ಅವರು ಕಟ್ಟಿದ ಅಪಾರ್ಟ್‌ಮೆಂಟ್, ಅದರ ಪಕ್ಕಕ್ಕ ತಗಡಿನ ಶೆಡ್ಡಿನಾಗ ಅವರ ವಾಸ. ವೋಟು ಊರಾಗ. ಮಹದೇವಪುರದ ಎಮ್ಮೆಲ್ಲೆ ಈ ಮಂದಿ ನಳದಾಗ ನೀರು ಬರತೈತೋ ಇಲ್ಲೋ ಅಂತ ಯಾಕ ಕೇಳ್ತಾರ? ಅಲ್ಲೇ ಇದ್ದಾಗ ನಾವು ಇದನ್ನ ನೋಡಲಿಲ್ಲ. ಇಲ್ಲಿ ನಮಗ ಬಂದಾಗ ಅನ್ಯಾಯ ಅಂತೀವಿ. ಎರಡೂ ಕಡೆ ಅನ್ಯಾಯನ.

ನೀಲಿಪೆನ್ನು

ಒಳ್ಳೆ ಮಾತು. ಆದರೆ ಅವರಿಗೆ ವೋಟಿನ ಹಕ್ಕಿದೆ, ವಿಳಾಸ ಬದಲಾಯಿಸಿಕೊಳ್ಳಬಹುದು. ಇಲ್ಲಿ ಎಚ್-1ಬಿಯವರಿಗೆ ಆ ದಾರಿಯೇ ಇಲ್ಲ.

ಧಾರವಾಡಪೇಡೆ

ತಗಡಿನ ಶೆಡ್ಡಿಗೆ ವಿಳಾಸದ ದಾಖಲೆ ಯಾರು ಕೊಡ್ತಾರ ಹೇಳ್ರಿ?

ಕುಂದಾಪ್ರದವ್ಳು

ಅಲ್ಲಿಯ ಕ್ಷೇತ್ರ ಮರುವಿಂಗಡಣೆ ಮಾತೂ ಇದಕ್ಕೇ ಬಂದು ತಾಗ್ತದೆ. ಲೋಕಸಭೆಯಲ್ಲಿ ರಾಜ್ಯಕ್ಕೆ ಎಷ್ಟು ಸೀಟು ಅನ್ನೋದು 1971ರ ಗಣತಿ ಮೇಲೇ ನಿಂತದ್ದು, ನಮಗೆ 28. ಜನಸಂಖ್ಯೆ ಹಿಡಿತಕ್ಕೆ ತಂದ ರಾಜ್ಯಕ್ಕೆ ಸೀಟು ಕಮ್ಮಿ ಆಗ್ತದೆ ಅಂತ ದಕ್ಷಿಣದವರ ಆತಂಕ. ಕ್ಯಾಲಿಫೋರ್ನಿಯಾದ್ದೂ 2020ರ ನಂತರ 53ರಿಂದ 52ಕ್ಕೆ ಇಳೀತು, ಇತಿಹಾಸದಲ್ಲೇ ಮೊದಲ ಸಲ.

ನಿರ್ವಾಹಕ

ಮರುವಿಂಗಡಣೆಗೆ ಬೇರೆ ಚರ್ಚೆ ನಡೀತಿದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಇಲ್ಲಿ 17ನೇ ಕ್ಷೇತ್ರ.

ಹತ್ತನೇಮಹಡಿ

ಸರಿ, ಕ್ಷೇತ್ರಕ್ಕೆ ಬರೋಣ. ರೋ ಖನ್ನಾ ಅವರನ್ನ ಗೆಲ್ಲಿಸಿದ್ದು ಭಾರತೀಯರ ವೋಟು ಮಾತ್ರ ಅಂತ ಯಾರೂ ತಿಳ್ಕೋಬೇಡಿ. 2014ರಲ್ಲಿ ಮೈಕ್ ಹೋಂಡಾ ವಿರುದ್ಧ ಸೋತ್ರು, 2016ರಲ್ಲಿ ಅವರನ್ನೇ ಸೋಲಿಸಿದ್ರು. ಇಲ್ಲಿ ಪ್ರೈಮರಿ ಅನ್ನೋ ಮೊದಲ ಸುತ್ತಿನಲ್ಲಿ ಮೊದಲೆರಡು ಸ್ಥಾನ ಬಂದವರು ನವೆಂಬರ್‌ಗೆ ಹೋಗ್ತಾರೆ, ಪಕ್ಷ ಯಾವುದಾದ್ರೂ ಸರಿ. ಎರಡೂ ಸಲ ಕಣದಲ್ಲಿ ಇಬ್ಬರೂ ಡೆಮಾಕ್ರಾಟ್. ಹೋಂಡಾ ಕೂಡ ಏಷ್ಯನ್ನೇ, ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನ ಕೂಡಿ ಹಾಕಿದ ಶಿಬಿರದಲ್ಲಿ ಬಾಲ್ಯ ಕಳೆದವರು. ಹಾಗಿರುವಾಗ ಮೂಲ ನೋಡಿ ವೋಟು ಹಾಕ್ತಾರೆ ಅನ್ನೋ ಲೆಕ್ಕ ಈ ಕ್ಷೇತ್ರದಲ್ಲಿ ನಿಲ್ಲಲ್ಲ.

ಅವರ ಆದ್ಯತೆ ನೋಡಿ: ಚಿಪ್ ಕಾರ್ಖಾನೆ, ಸಂಶೋಧನೆಗೆ ಹಣ, ಕಾರ್ಪೊರೇಟ್ ಪ್ಯಾಕ್‌ಗಳ (ಕಂಪನಿಗಳ ಚುನಾವಣಾ ನಿಧಿ) ದುಡ್ಡು ಮುಟ್ಟಲ್ಲ ಅನ್ನೋದು, ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ. 2022ರ ಚಿಪ್ಸ್ ಕಾಯ್ದೆಯ ಬೇರು ಅವರೂ ಸೇರಿ ತಂದ ಮಸೂದೆಯಲ್ಲಿದೆ. ಆಪಲ್ ಕೇಂದ್ರ ಕಚೇರಿ ಇರೋ ಕ್ಷೇತ್ರದಿಂದ ಗೆದ್ದು ಬಿಲಿಯನೇರ್‌ಗಳಿಗೆ ತೆರಿಗೆ ಹಾಕಿ ಅನ್ನೋರು ಅವರು. ನನಗೆ ಎಲ್ಲದರಲ್ಲೂ ಒಪ್ಪಿಗೆ ಇಲ್ಲ, ಆದರೆ ಆ ಧೈರ್ಯಕ್ಕೆ ಗೌರವ ಇದೆ.

ಹಿತ್ತಲಗಿಡ

ಹೋದ ಚುನಾವಣೆಗೆ ನ್ಯೂಆರ್ಕ್ ಕಡೆ ಒಬ್ಬ ಸ್ಥಳೀಯ ಅಭ್ಯರ್ಥಿ ಪರ ಮನೆ ಮನೆ ಸುತ್ತಿದ್ದೆ. ನಾನು ಎಚ್-1ಬಿ. ಸಂಬಳ ಇಲ್ಲದೆ ಸ್ವಯಂಸೇವೆ ಮಾಡೋಕೆ ಕಾನೂನಲ್ಲಿ ಅಡ್ಡಿ ಇಲ್ಲ. ಹಣ ಕೊಡೋ ಹಾಗಿಲ್ಲ, ನಾಗರಿಕರಲ್ಲದವರಲ್ಲಿ ಗ್ರೀನ್ ಕಾರ್ಡ್ ಇದ್ದವರು ಮಾತ್ರ ಕೊಡಬಹುದು. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಒಂದು ಮನೆಯಲ್ಲಿ ಟೆಸ್ಲಾ ಕಾರ್ಖಾನೆಯ ರಾತ್ರಿ ಶಿಫ್ಟ್ ಮುಗಿಸಿ ಬಂದಿದ್ದ ಹುಡುಗ ಬಾಗಿಲು ತೆಗೆದ, ಕಣ್ಣು ಕೆಂಪಗಿತ್ತು. ಗ್ಯಾರೇಜಿನಲ್ಲಿ ಎರಡು ಮಂಚ, ಮಧ್ಯೆ ಬೆಡ್‌ಶೀಟ್ ಕಟ್ಟಿ ಎರಡು ಕೋಣೆ ಮಾಡಿದ್ರು. ಬಾಡಿಗೆ ಎಷ್ಟು ಅಂತ ಹೇಳಿ, 'ಇದನ್ನ ಇಳಿಸೋರು ಯಾರಾದ್ರೂ ಇದ್ರೆ ಹೇಳಿ, ಅವರಿಗೇ ಹಾಕ್ತೀನಿ' ಅಂದ. ಮುಂದಿನ ಮನೆ ಅಜ್ಜಿ ಸ್ಪ್ಯಾನಿಷ್‌ನಲ್ಲಿ ಇನ್ಸುಲಿನ್ ಬೆಲೆ ಕೇಳಿದ್ರು, ಮೊಮ್ಮಗಳು ಅನುವಾದ ಮಾಡಿದ್ಲು. ಆ ಬೀದಿ ಪೂರ್ತಿ ಸುತ್ತಿದ್ರೂ ಎಚ್-1ಬಿ ಅನ್ನೋ ಪದ ಒಬ್ಬರ ಬಾಯಲ್ಲೂ ಬರಲಿಲ್ಲ. ಈ ಕ್ಷೇತ್ರ ನಮ್ಮ ಆಫೀಸ್ ಕ್ಯಾಂಪಸ್ಸಿಗಿಂತ ಬಹಳ ದೊಡ್ಡದು ಅಂತ ಅವತ್ತು ಅನ್ನಿಸ್ತು.

ಸನ್ನಿವೇಲ್‌ವಾಸಿ

ಇದು ನಾನು ಕಂಡೇ ಇಲ್ಲದ ಕ್ಷೇತ್ರ. ಬರೆದದ್ದು ಒಳ್ಳೇದಾಯ್ತು. ಹಾಗಾದ್ರೆ ವೋಟಿಲ್ಲದವರು ಇನ್ನೇನು ಮಾಡಬಹುದು? ಒಂದೇ ಕಡೆ ಯಾರಾದ್ರೂ ಬರೀತೀರಾ?

ನೀಲಿಪೆನ್ನು

ಸಿಟಿ ಕೌನ್ಸಿಲ್ ಮೀಟಿಂಗ್‌ನಲ್ಲಿ ಸಾರ್ವಜನಿಕರ ಮಾತಿಗೆ ಸಮಯ ಇರುತ್ತೆ, ಪೌರತ್ವ ಯಾರೂ ಕೇಳಲ್ಲ. ಮೂರು ನಿಮಿಷ ಅಂದ್ಕೊಂಡು ತಯಾರಾಗಿ, ಜನ ಜಾಸ್ತಿ ಇದ್ರೆ ಕಮ್ಮಿ ಮಾಡ್ತಾರೆ. ಸನ್ನಿವೇಲ್‌ನಲ್ಲಿ ಮಂಗಳವಾರ ಸಂಜೆ. ಗ್ರೀನ್ ಕಾರ್ಡ್ ಬಂದಿದ್ರೆ ಕ್ಯಾಲಿಫೋರ್ನಿಯಾದಲ್ಲಿ ಮತಗಟ್ಟೆ ಕೆಲಸಕ್ಕೂ ಸೇರಬಹುದು, 2013ರಲ್ಲಿ ಅದಕ್ಕೇ ಕಾನೂನು ಮಾಡಿದ್ರು. ನಮ್ಮ ಭಾಷೆ ಬಲ್ಲವರು ಅಲ್ಲಿ ಕೂತಿದ್ರೆ ಮೊದಲ ಸಲ ವೋಟು ಹಾಕೋಕೆ ಬಂದ ಅಜ್ಜಿ ತಾತಂದಿರಿಗೆ ಎಷ್ಟು ಧೈರ್ಯ ಬರುತ್ತೆ ಗೊತ್ತಾ.

ಒಂದು ಎಚ್ಚರಿಕೆ, ದಯವಿಟ್ಟು ಗಮನ ಇಟ್ಟು ಓದಿ. ಡಿಎಂವಿಯಲ್ಲಿ (ಇಲ್ಲಿನ ಆರ್‌ಟಿಒ) ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ರಿಜಿಸ್ಟ್ರೇಷನ್ ಪ್ರಶ್ನೆ ಬರುತ್ತೆ. ಸುಮ್ಮನೆ ಒತ್ತಬೇಡಿ. 2018ರಲ್ಲಿ ಆಟೋಮ್ಯಾಟಿಕ್ ನೋಂದಣಿ ಶುರುವಾದಾಗ ಅಲ್ಲಿನ ತಪ್ಪಿನಿಂದ ಅರ್ಹತೆ ಇಲ್ಲದವರು ಸುಮಾರು 1,500 ಮಂದಿ ಪಟ್ಟಿಗೆ ಸೇರಿದ್ರು, ನಾಗರಿಕರಲ್ಲದವರೂ ಅದರಲ್ಲಿದ್ರು. ನಾಗರಿಕರಲ್ಲದೆ ವೋಟು ಹಾಕಿದ್ರೆ, ಗೊತ್ತಿಲ್ಲದೆ ಆದ್ರೂ, ಮುಂದೆ ಪೌರತ್ವದ ಇಂಟರ್‌ವ್ಯೂನಲ್ಲಿ ಅದು ಕೊರಳಿಗೆ ಬರುತ್ತೆ. ಮನೆಗೆ ಬ್ಯಾಲೆಟ್ ಬಂದ್ರೆ ಹಾಕ್ಬೇಡಿ, ಕೌಂಟಿ ಚುನಾವಣಾ ಕಚೇರಿಗೆ ಬರೆದು ಹೆಸರು ತೆಗೆಸಿ, ಉತ್ತರದ ಪ್ರತಿ ಇಟ್ಕೊಳ್ಳಿ.

ಹಳೇಬೇರು

ಇದ್ರ ಜೊತೆ ಇನ್ನೊಂದು. ಸಿಟಿಜನ್ ಆಗೋ ಅರ್ಹತೆ ಬಂದೂ ಅರ್ಜಿ ಹಾಕದೇ ಕೂತವರು ನಮ್ಮಲ್ಲೇ ಬಹಳ ಇದ್ದಾರೆ. ಭಾರತದ ಪಾಸ್‌ಪೋರ್ಟ್ ಬಿಡೋಕೆ ಮನಸ್ಸಾಗಲ್ಲ, ನನಗೂ ಆಗಿತ್ತು. ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ತಗೊಂಡ್ರೆ ಊರಿಗೆ ಹೋಗಿಬರೋದು ನಿಲ್ಲಲ್ಲ. ಆದ ಮೇಲೆ ವೋಟು ಹಾಕಿ. ಇಲ್ಲಿ ರಿಜಿಸ್ಟರ್ ಆದ ಎಲ್ಲರ ಮನೆಗೂ ಬ್ಯಾಲೆಟ್ ಅಂಚೆಯಲ್ಲಿ ಬರುತ್ತೆ. ತುಂಬಿ, ಲಕೋಟೆ ಮೇಲೆ ಸಹಿ ಹಾಕಿ, ಡಬ್ಬಿಗೆ ಹಾಕೋದು. ಅಷ್ಟನ್ನೂ ಮಾಡದೇ ಇದ್ರೆ ಕ್ಯೂನಲ್ಲಿ ನಿಂತವರ ಪರ ಮಾತಾಡೋರು ಯಾರು?

ಹಿಟ್ಟಿನಗಿರಣಿ

ಇಷ್ಟು ದಿನ ಓದ್ತಾ ಇದ್ದೆ, ಮೊದಲ ಸಲ ಬರೀತಿದೀನಿ. ನನ್ನ ಹೆಂಡತಿಯ ಎಚ್-4 ಇಎಡಿ (ಎಚ್-1ಬಿಯವರ ಸಂಗಾತಿಗೆ ಕೆಲಸ ಮಾಡೋ ಪರವಾನಗಿ) ರಿನ್ಯೂವಲ್ ತಿಂಗಳುಗಟ್ಟಲೆ ಬಾಕಿ. ಕೆಲಸ ಹೋಗೋ ಹಂತಕ್ಕೆ ಬಂದಿದೆ. ವೋಟಿಲ್ಲದವರು ಪ್ರತಿನಿಧಿ ಕಚೇರಿಗೆ ಹೋದ್ರೆ ಮಾತಾಡಿಸ್ತಾರಾ?

ಕುಂದಾಪ್ರದವ್ಳು

ಮಾತಾಡಿಸ್ತಾರೆ. ಕ್ಷೇತ್ರದಲ್ಲಿ ವಾಸ ಇದ್ರೆ ಸಾಕು, ವೋಟರ್ ಹೌದೋ ಅಲ್ಲವೋ ಕೇಳೋದಿಲ್ಲ. ವೆಬ್‌ಸೈಟಲ್ಲಿ ಫೆಡರಲ್ ಏಜೆನ್ಸಿ ಜೊತೆ ಸಹಾಯ ಅನ್ನೋ ಪುಟ ಇರ್ತದೆ, ಅಲ್ಲಿ ಪ್ರೈವಸಿ ರಿಲೀಸ್ ಫಾರಂ ಇದೆ. ಅರ್ಜಿ ನಿಮ್ಮ ಹೆಂಡತಿ ಹೆಸರಲ್ಲಿ ಇರೋದ್ರಿಂದ ಸಹಿ ಅವರದ್ದೇ ಬೇಕು, ನಿಮ್ಮದು ನಡೆಯೋದಿಲ್ಲ. ರಸೀದಿ ನಂಬರು, ಕೆಲಸ ಹೋಗ್ತದೆ ಅಂತ ಕಂಪನಿ ಕೊಟ್ಟ ಪತ್ರ ಎರಡನ್ನೂ ಜೊತೆಗಿಡಿ. ತೀರ್ಮಾನ ಅವರ ಕೈಯಲ್ಲಿಲ್ಲ, ಆದರೆ ಫೈಲು ಎಲ್ಲಿದೆ ಅಂತ ವಿಚಾರಿಸಿ ಹೇಳ್ತಾರೆ.

ಹಿಟ್ಟಿನಗಿರಣಿ

ತುಂಬಾ ಉಪಕಾರ ಆಯ್ತು ಅಕ್ಕ. ನಮ್ಮ ಮನೆ ಫ್ರೀಮಾಂಟ್‌ನಲ್ಲಿದೆ, 17ಕ್ಕೆ ಬರುತ್ತೋ 14ಕ್ಕೋ?

ನೀಲಿಪೆನ್ನು

ಹೌಸ್ (ಕಾಂಗ್ರೆಸ್ಸಿನ ಕೆಳಮನೆ) ವೆಬ್‌ಸೈಟಲ್ಲಿ ಜಿಪ್ ಕೋಡ್ ಹಾಕಿ. ಎರಡು ಕ್ಷೇತ್ರ ತೋರಿಸಿದ್ರೆ ಪೂರ್ತಿ ವಿಳಾಸ ಕೇಳುತ್ತೆ, ಮನೆ ನಂಬರ್ ಸಮೇತ ಹಾಕಿ. ಫಾರಂ ಕಳಿಸೋ ಮುಂಚೆ ಇದನ್ನ ಮಾಡಿ. ತಪ್ಪು ಕಚೇರಿಗೆ ಹೋದ್ರೆ ಅವರು ಇನ್ನೊಂದಕ್ಕೆ ದಾಟಿಸೋ ಹೊತ್ತಿಗೆ ಸುಮ್ಮನೆ ದಿನ ಹೋಗುತ್ತೆ.